ಹೊಸದು ಹತ್ತಲೋ, ಹಳೆಯದು ಹತ್ತಲೋ: ಸೀವರ್ಲ್ಡ್ ಕೋಸ್ಟರ್‌ಗಳ ಮೇಲೆ ಮಡಿಕೇರಿ ವೆಲ್ಡರ್ ಒಬ್ಬನ ಲೆಕ್ಕ

ಮಡಿಕೇರಿ ದಸರಾ ಮುಗಿದ ಮಾರನೇ ವಾರ ನನಗೆ ಕೆಲಸ ಇರುವುದಿಲ್ಲ. ತಿಂಗಳುಗಟ್ಟಲೆ ದಸರಾ ಮೆರವಣಿಗೆಯ ಮಂಟಪಕ್ಕೆ ಕಬ್ಬಿಣದ ಚಾನಲ್ ಕತ್ತರಿಸಿ, ರಾಕ್ಷಸನ ಕೈ ಮೇಲೆ ಕೆಳಗೆ ಆಡುವ ಹಾಗೆ ಕೀಲು ಕೂರಿಸಿ, ದಶಮಿ ರಾತ್ರಿ ಟ್ರ್ಯಾಕ್ಟರ್ ಹಿಂದೆ ನಡೆದು ಬೆಳಗು ಮಾಡಿದ ಮೇಲೆ ಶೆಡ್ಡಿನ ಬಾಗಿಲು ಹಾಕಿ ಮಲಗುವುದಷ್ಟೇ. ಹಾಗೆ ಬಿಡುವಾದ ಎರಡು ನವೆಂಬರ್, 2023ರಲ್ಲಿ ಒಮ್ಮೆ, 2024ರಲ್ಲಿ ಒಮ್ಮೆ, ಅಮ್ಮನನ್ನು ಕರೆದುಕೊಂಡು ಅಮೆರಿಕದ ಫ್ಲಾರಿಡಾದ ಒರ್ಲಾಂಡೋದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಟಿಕೆಟ್ ದುಡ್ಡು ಬಾವನದ್ದು. ಅಮ್ಮನಿಗೆ ಒಬ್ಬರೇ ವಿಮಾನ ಬದಲಾಯಿಸಲು ಹೆದರಿಕೆ, ಅದಕ್ಕೇ ನಾನು ಜೊತೆಗೆ.

ಈಗ ಶೆಡ್ಡಿಗೆ ಗೇಟು ಮಾಡಿಸಲು ಬಂದವರೂ ಕೇಳುತ್ತಾರೆ. "ನಾವೂ ಮಗನ ಹತ್ತಿರ ಹೋಗ್ತಿದ್ದೇವೆ. ಆ ಸೀವರ್ಲ್ಡ್‌ನಲ್ಲಿ ಯಾವುದು ಹತ್ತಬೇಕು?" ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ. ಒಮ್ಮೆ ಬರೆದುಬಿಡುತ್ತೇನೆ.

ಒರ್ಲಾಂಡೋದ ಸೀವರ್ಲ್ಡ್ ಶುರುವಾಗಿದ್ದು 1973ರಲ್ಲಿ. ಓರ್ಕಾ ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಆಟ ನೋಡಲು ಜನ ಬರುತ್ತಿದ್ದ ಜಾಗ ಅದು. ಅಷ್ಟು ದೊಡ್ಡ ಪ್ರಾಣಿಯನ್ನು ತೊಟ್ಟಿಯಲ್ಲಿಟ್ಟು ಆಡಿಸುವುದು ಸರಿಯಾ ಎಂಬ ಕೂಗು ಜೋರಾದ ಮೇಲೆ, 2016ರ ಮಾರ್ಚ್‌ನಲ್ಲಿ ಓರ್ಕಾಗಳ ಸಂತಾನೋತ್ಪತ್ತಿ ನಿಲ್ಲಿಸುತ್ತೇವೆ ಎಂದು ಕಂಪನಿಯೇ ಹೇಳಿತು. ದುಬಾರೆಯಲ್ಲಿ ಆನೆಯ ಸ್ನಾನ ನೋಡುತ್ತಾ ನಿಂತ ನಮಗೂ ಈ ಮುಜುಗರ ಗೊತ್ತು, ಅಲ್ವಾ? ಖುಷಿಯೂ ಆಗುತ್ತದೆ, ಎಲ್ಲೋ ಒಂದು ಕಡೆ ಚುಚ್ಚುತ್ತದೆ ಕೂಡ. ಆ ಮಾತು ಬಂದು ಮೂರು ತಿಂಗಳಿಗೆ ಮಾಕೋ ಎಂಬ ರೋಲರ್ ಕೋಸ್ಟರ್, ಅಂದರೆ ಹಳಿಯ ಮೇಲೆ ಏರಿ ಇಳಿಯುವ ಆಟದ ರೈಲು, ಬಂತು. ಆಮೇಲೆ 2022ರಲ್ಲಿ ಐಸ್ ಬ್ರೇಕರ್, 2023ರಲ್ಲಿ ಪೈಪ್‌ಲೈನ್, 2024ರಲ್ಲಿ ಪೆಂಗ್ವಿನ್ ಟ್ರೆಕ್. ಮೂರು ವರ್ಷ, ಮೂರು ಹೊಸ ಕೋಸ್ಟರ್. ಮೀನಿನ ಹೆಸರಲ್ಲಿ ಜನ ಈಗ ಕಬ್ಬಿಣ ನೋಡಲು ಹೋಗುತ್ತಾರೆ. ನನ್ನಂಥವನಿಗೆ ಬೇಕಾಗಿದ್ದೂ ಅದೇ.

ಲೆಕ್ಕಕ್ಕೆ ಮೊದಲು ಒಂದು ಮಾತು. ಫ್ಲಾರಿಡಾ ಅಂದರೆ ಚಪ್ಪಟೆ ನೆಲ. ಇಡೀ ರಾಜ್ಯದಲ್ಲಿ ಅತಿ ಎತ್ತರದ ಜಾಗ 105 ಮೀಟರ್, ಅದಕ್ಕೂ ಬೆಟ್ಟ ಎಂದೇ ಹೆಸರು. ಅಲ್ಲಿಯವರಿಗೆ ತಿರುವು, ಏರು, ಇಳಿತ ಎಲ್ಲವೂ ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಮಾನು. ನಾವು ಹುಟ್ಟಿದಾಗಿನಿಂದ ಸಂಪಾಜೆ ಘಾಟಿಯಲ್ಲಿ ವಾಂತಿ ಮಾಡಿಕೊಂಡು ಬೆಳೆದವರು. ಹಾಗಾಗಿ ಪಕ್ಕಕ್ಕೆ ಎಳೆಯುವ ತಿರುವಿಗೆ ನಾನು ಅಂಕ ಕೊಡುವುದಿಲ್ಲ. ಸಂಪಾಜೆಯಲ್ಲಿ ಸಿಗದೇ ಇರುವುದು ಏನು ಸಿಗುತ್ತದೆ, ಅದಕ್ಕೆ ಮಾತ್ರ ಅಂಕ.

ಮೊದಲ ಸಲ ಹೋದಾಗ ಪೈಪ್‌ಲೈನ್ ಬಂದು ಆರು ತಿಂಗಳೂ ಆಗಿರಲಿಲ್ಲ. ಗೇಟು ತೆರೆದ ಕೂಡಲೇ ಜನ ಅತ್ತ ಓಡಿದರು. ನಾನೂ ಓಡಿದೆ. ಇದರಲ್ಲಿ ಸರ್ಫಿಂಗ್ ಹಲಗೆಯ ಮೇಲೆ ನಿಂತ ಹಾಗೆ ನಿಂತೇ ಹೋಗಬೇಕು. ಕಾಲ ಸಂದಿಗೆ ಸೈಕಲ್ ಸೀಟಿನಂಥದ್ದು ಒಂದು, ಎದೆಗೆ ಪಟ್ಟಿ. ನಿಂತು ಹೋಗುವ ಕೋಸ್ಟರ್‌ಗಳು ಹಿಂದೆಯೂ ಇದ್ದವು. ಅವುಗಳಲ್ಲಿ ಸೀಟು ಒಂದೇ ಎತ್ತರಕ್ಕೆ ಬಿಗಿದುಕೊಂಡುಬಿಡುತ್ತಿತ್ತು. ಗಂಡಸರಿಗೆ ಆಗುತ್ತಿದ್ದ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಪೈಪ್‌ಲೈನ್‌ನಲ್ಲಿ ಸೀಟೇ ನಮ್ಮ ಜೊತೆ ಮೇಲೆ ಕೆಳಗೆ ಆಡುತ್ತದೆ. ದಿಬ್ಬ ಹತ್ತಿ ಇಳಿಯುವಾಗ ಕಾಲು ನೆಟ್ಟಗಾಗುತ್ತದೆ, ತಳಕ್ಕೆ ಬಂದಾಗ ಮಂಡಿ ತಾನೇ ಮಡಚಿಕೊಳ್ಳುತ್ತದೆ. ಆ ಕೀಲಿಗೆ ಮಾತ್ರ ಕೈ ಮುಗಿಯಬೇಕು. ನಮ್ಮ ಮಂಟಪದ ಮಹಿಷಾಸುರನನ್ನು ಎದ್ದು ಕೂರಿಸಲು ನಾನು ಎಷ್ಟು ಒದ್ದಾಡಿದ್ದೇನೆ ಎಂಬುದು ನನಗೇ ಗೊತ್ತು. ಅವನು ಏಳುವುದು ಸರಿ, ಇಳಿಯುವಾಗ ದಡಕ್ಕನೆ ಬೀಳುತ್ತಾನೆ. ಇಲ್ಲಿ ಗಂಟೆಗೆ 97 ಕಿಲೋಮೀಟರ್ ವೇಗದಲ್ಲೂ ದಡಕ್ ಎನ್ನುವ ಸದ್ದಿಲ್ಲ.

ಆದರೆ ನಿಂತುಕೊಂಡು ತಿರುವು ತಿರುಗುವುದು ನಮಗೆ ಹೊಸದಾ? ಸೋಮವಾರ ಬೆಳಗ್ಗೆ ಸುಳ್ಯದಿಂದ ಮಡಿಕೇರಿಗೆ ಬಸ್ಸು ಹತ್ತಿ ನೋಡಿ. ಸೀಟೂ ಇಲ್ಲ, ಎದೆಗೆ ಪಟ್ಟಿಯೂ ಇಲ್ಲ, ಮೇಲಿಂದ ಯಾರದೋ ಬಾಳೆಗೊನೆ ಬೇರೆ. ಪೈಪ್‌ಲೈನ್ ಎರಡು ನಿಮಿಷದೊಳಗೆ ಮುಗಿದುಹೋಯಿತು. ಒಮ್ಮೆ ತಲೆಕೆಳಗಾದೆ, ಮೀನಖಂಡ ಸ್ವಲ್ಪ ಹಿಡಿದುಕೊಂಡಿತು, ನಗುತ್ತಾ ಇಳಿದೆ. ಇನ್ನೊಂದು ಸಲ ಸಾಲಲ್ಲಿ ನಿಲ್ಲಬೇಕು ಅನ್ನಿಸಲಿಲ್ಲ.

ಮಾಕೋದ್ದು ಬೇರೆಯೇ ಕತೆ.

ಇದರ ಸಾಲಲ್ಲಿ ಜನ ಕಡಿಮೆ ಇದ್ದರು. ಹಳೆಯದಲ್ವಾ. ಕೆಳಗೆ ನಿಂತು ನೋಡಿದರೆ ಅಂಥದ್ದೇನೂ ಇಲ್ಲ. ತಲೆಕೆಳಗು ಮಾಡುವುದಿಲ್ಲ, ನಿಲ್ಲಿಸುವುದಿಲ್ಲ, ಮಲಗಿಸುವುದಿಲ್ಲ. ಸುಮ್ನೆ ಗುಡ್ಡದ ಮೇಲೆ ಗುಡ್ಡ. ಮೊದಲನೆಯದು 200 ಅಡಿ, ಹತ್ತಿರ ಹತ್ತಿರ ನಮ್ಮ ಮಲ್ಲಳ್ಳಿ ಜಲಪಾತದಷ್ಟು. ತೊಡೆಯ ಮೇಲೆ ಒಂದು ಪಟ್ಟಿ ಬಿಟ್ಟರೆ ಮೈಗೆ ಏನೂ ತಾಗುವುದಿಲ್ಲ, ಭುಜ ಪೂರ್ತಿ ಖಾಲಿ. ಸರಪಳಿ ಮೇಲಕ್ಕೆ ಎಳೆಯುವಾಗ ಕೆಳಗೆ ಕೆರೆ, ದೂರಕ್ಕೆ ಚಪ್ಪಟೆ ಊರು. ತುದಿಯಲ್ಲಿ ಒಂದು ಗಳಿಗೆ ಸದ್ದು ನಿಲ್ಲುತ್ತದೆ.

ಆಮೇಲೆ ಬೀಳುತ್ತದೆ. ಗಂಟೆಗೆ 117 ಕಿಲೋಮೀಟರ್. ನನಗೆ ಹಿಡಿಸಿದ್ದು ಆ ಬೀಳುವುದಕ್ಕಿಂತ ಅದರ ಮುಂದಿನ ದಿಬ್ಬ. ರೈಲು ದಿಬ್ಬದ ನೆತ್ತಿಗೆ ಬರುವಾಗ ಎಷ್ಟು ವೇಗದಲ್ಲಿರುತ್ತದೆ ಅಂದರೆ, ಹಳಿ ಕೆಳಗೆ ಬಾಗಿದರೂ ನಮ್ಮ ಮೈ ಇನ್ನೂ ಮೇಲೆ ಹೋಗುತ್ತಲೇ ಇರುತ್ತದೆ. ಸೀಟಿನಿಂದ ಎದ್ದು ಪಟ್ಟಿಗೆ ತೊಡೆ ತಾಗಿ ನಿಲ್ಲುತ್ತದೆ. ರೈಲು ಹಾರಿಹೋಗುವುದಿಲ್ಲ, ಯಾಕೆಂದರೆ ಅದಕ್ಕೆ ಮೂರು ಬಗೆಯ ಚಕ್ರ: ಹಳಿಯ ಮೇಲೆ ಓಡುವುದು ಒಂದು, ಪಕ್ಕದಿಂದ ಒತ್ತುವುದು ಇನ್ನೊಂದು, ಹಳಿಯ ಅಡಿಯಿಂದ ತಬ್ಬಿಕೊಳ್ಳುವುದು ಮೂರನೆಯದು. ನೆತ್ತಿಯ ಮೇಲೆ ಕೆಲಸ ಮಾಡುವುದು ಆ ಮೂರನೆಯದೇ. ಇಳಿದ ಮೇಲೆ ಹತ್ತು ನಿಮಿಷ ಬೇಲಿ ಹಿಡಿದು ನಿಂತು ಅದನ್ನೇ ನೋಡಿದೆ. ಅಕ್ಕ ಫೋನ್ ಮಾಡಿ ಬೈದಳು.

ಮಾಂದಲಪಟ್ಟಿಗೆ ಜೀಪಿನಲ್ಲಿ ಹೋದವರಿಗೆ ಸೀಟಿನಿಂದ ಏಳುವುದು ಗೊತ್ತು. ಆದರೆ ಜೀಪಿನಲ್ಲಿ ಎದ್ದ ಮೇಲೆ ಬೀಳುವುದೂ ಇದೆ, ಬಿದ್ದದ್ದು ಸೊಂಟಕ್ಕೆ ಗೊತ್ತಾಗುತ್ತದೆ. ಮಾಕೋ ಎತ್ತಿ, ಗಾಳಿಯಲ್ಲಿ ಹಿಡಿದು, ಮೆಲ್ಲಗೆ ಮತ್ತೆ ಕೂರಿಸುತ್ತದೆ. ಅದನ್ನೇ ಮತ್ತೆ ಮತ್ತೆ ಮಾಡುತ್ತದೆ. ಸಂಪಾಜೆಯಲ್ಲೂ ಸಿಗುವುದಿಲ್ಲ, ಮಾಂದಲಪಟ್ಟಿಯಲ್ಲೂ ಸಿಗುವುದಿಲ್ಲ.

ಎರಡು ವರ್ಷ ಸೇರಿ ಏಳು ಸಲ ಹತ್ತಿದ್ದೇನೆ. ಮೊದಲ ಸಾಲಿನಲ್ಲಿ ಕಣ್ಣಿಗೆ ಹಬ್ಬ, ಮುಖಕ್ಕೆ ಗಾಳಿ. ಕೊನೆಯ ಸಾಲಿನಲ್ಲಿ ಹೊಟ್ಟೆಗೆ ಹಬ್ಬ. ಮುಂದಿನ ಡಬ್ಬಿಗಳು ನೆತ್ತಿ ದಾಟಿ ಆಗಲೇ ಬೀಳುತ್ತಿರುತ್ತವೆ, ಅವು ಹಿಂದಿನವರನ್ನು ಎಳೆದುಕೊಂಡು ಹೋಗುತ್ತವೆ. ನೆತ್ತಿಗೆ ಬರುವ ಮೊದಲೇ ಎದ್ದಿರುತ್ತೇವೆ. ಒಂದೇ ಸಲ ಹತ್ತುವುದಾದರೆ ಕೊನೆಯ ಸಾಲು ಕೇಳಿ ತಗೊಳ್ಳಿ. ಸಂಜೆ ದೀಪ ಹಾಕಿದ ಮೇಲೆ ಹತ್ತಿದರೆ ಇನ್ನೂ ಒಳ್ಳೆಯದು.

ಮಾಕೋಗೆ ನಿಜವಾಗಿ ಎದುರಾಳಿ ಅಂದರೆ ಮಾಂಟಾ. 2009ರದ್ದು. ಕೂತ ಮೇಲೆ ಸೀಟುಗಳು ಮುಂದಕ್ಕೆ ವಾಲಿ ನಮ್ಮನ್ನು ಬೋರಲು ಮಲಗಿಸುತ್ತವೆ. ಹಳಿ ಬೆನ್ನ ಮೇಲೆ, ನೆಲ ಮುಖದ ಕೆಳಗೆ. ಮೊದಲ ಇಳಿತ ಮುಗಿದ ಕೂಡಲೇ ತಲೆ ಮುಂದಾಗಿ ನೆಲಕ್ಕೆ ನುಗ್ಗಿ, ತಳದಲ್ಲಿ ಅಂಗಾತವಾಗಿ ಮೇಲೆ ಬರುವ ಒಂದು ದೊಡ್ಡ ಸುತ್ತು ಇದೆ. ಆ ತಳದಲ್ಲಿ ಐವತ್ತು ಕೆ.ಜಿ.ಯ ಕಾಫಿ ಚೀಲ ಎದೆ ಮೇಲೆ ಇಟ್ಟ ಹಾಗೆ ಆಯಿತು. ಉಸಿರು ಬಿಡಲು ಆಗುತ್ತದೆ, ತಗೊಳ್ಳಲು ಆಗುವುದಿಲ್ಲ. ಆಮೇಲೆ ನೀರಿನ ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಹಾಗೆ ಸಾಗುವಾಗ ಮಾತ್ರ ಹಕ್ಕಿಯೇ ಸರಿ.

ಮಾಂಟಾದ ಇನ್ನೊಂದು ಲಾಭ ಕೆಳಗಿದೆ. ತೊರಕೆ ಮೀನುಗಳು ತಲೆಯ ಮೇಲೇ ಈಜಾಡುವ ಗಾಜಿನ ತೊಟ್ಟಿಗಳು. ಕೋಸ್ಟರ್ ಹತ್ತದವರೂ ಹೋಗಿ ನೋಡಬಹುದು. ಅಮ್ಮ ಅಲ್ಲೇ ಒಂದು ಗಂಟೆ ಕೂತಿದ್ದರು. ನಾನು ಕಾಲು ನಡುಗಿಸಿಕೊಂಡು ಬಂದಾಗ, "ಮೀನು ನೋಡು, ಎಷ್ಟು ನಿಧಾನಕ್ಕೆ ಹೋಗ್ತದೆ. ನಿನಗೇನು ಅವಸರ?" ಅಂದರು. ಮಾಕೋವೋ ಮಾಂಟಾವೋ ಎಂದರೆ ನನ್ನ ಉತ್ತರ ಮಾಕೋ. ಆದರೆ ಜೊತೆಗೆ ವಯಸ್ಸಾದವರಿದ್ದರೆ ಮಾಂಟಾ ಕಡೆಗೆ ಮೊದಲು ಹೋಗಿ, ಅವರನ್ನು ಮೀನಿನ ಹತ್ತಿರ ಕೂರಿಸಿ.

ಕ್ರಾಕನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2000ದಲ್ಲಿ ಬಂದದ್ದು, 153 ಅಡಿ, ಏಳು ಸಲ ತಲೆಕೆಳಗು. ಹೊರಡುವಾಗ ಕಾಲಡಿಯ ನೆಲವೇ ಸರಿದುಹೋಗುತ್ತದೆ. ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕಿನಲ್ಲಿ ನೈಟ್ರೋ ಕೋಸ್ಟರ್ ಹತ್ತಿದವರಿಗೆ ಇದು ಗುರುತಿನ ಮುಖ. ಅದೂ ಇದೇ ಜಾತಿ, ಮಾಡಿದ್ದೂ ಇದೇ ಸ್ವಿಸ್ ಕಂಪನಿ ಬಿ ಆ್ಯಂಡ್ ಎಂ, ಅಲ್ಲಿ ಐದು ಸಲ ತಲೆಕೆಳಗು. ಮಾಕೋ, ಮಾಂಟಾ, ಪೈಪ್‌ಲೈನ್, ಪೆಂಗ್ವಿನ್ ಟ್ರೆಕ್ ಎಲ್ಲವೂ ಅವರದ್ದೇ. ತಲೆಯನ್ನು ಹಿಂದಕ್ಕೆ ಒರಗಿಸಿ ಅಂತ ಅಲ್ಲಿ ಹೇಳಿದ್ದರು. ನಾನು ಬಗ್ಗಿ ಕೆಳಗಿನ ಬೋಲ್ಟು ನೋಡಲು ಹೋಗಿ ಕಿವಿಗೆ ಏಟು ಮಾಡಿಕೊಂಡೆ. ತಪ್ಪು ನನ್ನದೇ.

ಪೆಂಗ್ವಿನ್ ಟ್ರೆಕ್ ಜೊತೆ ನನಗೆ ಬೇರೆ ನಂಟು. 2023ರಲ್ಲಿ ಅದು ಇನ್ನೂ ಕಟ್ಟುತ್ತಿದ್ದ ಕೋಸ್ಟರ್. ಪೆಂಗ್ವಿನ್ ಮನೆಯ ಪಕ್ಕ ಬೇಲಿ ಹಾಕಿದ್ದರು. ಉಳಿದವರೆಲ್ಲ ಪೆಂಗ್ವಿನ್ ನೋಡುತ್ತಿದ್ದರೆ ನಾನು ಬೇಲಿಯ ಸಂದಿಯಲ್ಲಿ ಕಣ್ಣಿಟ್ಟಿದ್ದೆ. ಕಾಂಕ್ರೀಟ್ ಅಡಿಪಾಯದಿಂದ ಮೇಲೆ ಎದ್ದ ಆಂಕರ್ ಬೋಲ್ಟುಗಳು, ಅವುಗಳ ಮೇಲೆ ಕೂರಿಸಿದ ದಪ್ಪ ಬೇಸ್ ಪ್ಲೇಟು, ಪ್ಲೇಟಿನಿಂದ ಎದ್ದ ಕಂಬ. ಹಳಿಯ ತುಂಡುಗಳು ಎಲ್ಲೋ ಕಾರ್ಖಾನೆಯಲ್ಲಿ ಬಾಗಿ, ವೆಲ್ಡ್ ಆಗಿ, ಬಣ್ಣ ಹಚ್ಚಿಸಿಕೊಂಡೇ ಬಂದಿರುತ್ತವೆ. ಜಾಗದಲ್ಲಿ ಕ್ರೇನಿನಿಂದ ಎತ್ತಿ ತುದಿಗೆ ತುದಿ ಕೂಡಿಸಿ ಬೋಲ್ಟು ಬಿಗಿಯುವುದಷ್ಟೇ. ತೂತಿಗೆ ತೂತು ಕೂಡದಿದ್ದರೆ ಗ್ಯಾಸ್ ಕಟ್ಟರ್ ತಂದು ಅಗಲ ಮಾಡುವುದು ನಮ್ಮ ಪದ್ಧತಿ. ಅಲ್ಲಿ ಹಾಗೆ ಮಾಡಿದರೆ ಮುಗಿಯಿತು. ಒಂದು ಫೋಟೋ ತೆಗೆದು ಊರಿನ ಹುಡುಗರಿಗೆ ಕಳಿಸಿದೆ. "ಅಣ್ಣ, ನಾವೂ ಮುಂದಿನ ವರ್ಷ ಬೇಸ್ ಪ್ಲೇಟ್ ಹೀಗೇ ಮಾಡೋಣ" ಅಂತ ಉತ್ತರ ಬಂತು. ಮಾಡಲಿಲ್ಲ ಬಿಡಿ, ದುಡ್ಡೆಲ್ಲಿದೆ.

ಅದು ತೆರೆದದ್ದು 2024ರ ಜುಲೈ 7ಕ್ಕೆ. ನವೆಂಬರಿನಲ್ಲಿ ಅಕ್ಕನ ಮಗಳ ಜೊತೆ ಹತ್ತಿದೆ. ಆರು ವರ್ಷ, 46 ಇಂಚು. ಮಾಕೋ, ಮಾಂಟಾ, ಕ್ರಾಕನ್, ಪೈಪ್‌ಲೈನ್ ನಾಲ್ಕಕ್ಕೂ 54 ಇಂಚು ಬೇಕು. ಐಸ್ ಬ್ರೇಕರ್‌ಗೆ 48. ಪೆಂಗ್ವಿನ್ ಟ್ರೆಕ್‌ಗೆ 42 ಸಾಕು, ಜೊತೆಗೆ ದೊಡ್ಡವರಿರಬೇಕು. ಹಿಮದ ಮೇಲೆ ಓಡಿಸುವ ಗಾಡಿಯ ಆಕಾರದ ಸೀಟು, ಎರಡು ಕಡೆ ಮುಂದಕ್ಕೆ ಎಸೆಯುತ್ತದೆ, ಸ್ವಲ್ಪ ಹೊತ್ತು ಕಟ್ಟಡದೊಳಗೆ, ಸ್ವಲ್ಪ ಹೊತ್ತು ಬಿಸಿಲಲ್ಲಿ. ವೇಗ ಗಂಟೆಗೆ 69 ಕಿಲೋಮೀಟರ್. ನನಗೆ ಒಬ್ಬನಿಗೇ ಆಗಿದ್ದರೆ ಒಮ್ಮೆ ಸಾಕಿತ್ತು. ಆದರೆ ಹಿಂದಿನ ವರ್ಷ ಕಂಬಗಳು ಮಾತ್ರ ನಿಂತಿದ್ದ ಜಾಗದಲ್ಲಿ ಪಕ್ಕದಲ್ಲೊಂದು ಮಗು ಕಿರುಚಿಕೊಂಡು ಹೋಗುವುದು ಬೇರೆಯೇ. ಅವಳು ಕೈ ಬಿಡಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಇಳಿದು ಹೊರಬಂದರೆ ಎದುರಿಗೇ ಪೆಂಗ್ವಿನ್‌ಗಳು, ಜೊತೆಗೆ ಮೀನು ಮಾರುಕಟ್ಟೆಯ ವಾಸನೆ. ಮೂಗು ಮುಚ್ಚಿಕೊಂಡು "ಇನ್ನೊಂದ್ಸಲ ಮಾವ" ಅಂದಳು. ನಾಲ್ಕು ಸಲ ಆಯಿತು. ಮಕ್ಕಳಿದ್ದರೆ ದಿನದ ಮೊದಲ ಸಾಲು ಇಲ್ಲಿಯೇ, ಮಾಕೋಗೆ ಸಂಜೆ ಹೋಗಿ.

ಉಳಿದದ್ದು ಐಸ್ ಬ್ರೇಕರ್. ಹಿಂದಕ್ಕೂ ಮುಂದಕ್ಕೂ ತಳ್ಳಿ, 93 ಅಡಿಯ ಒಂದು ಕೊಂಬಿನ ಮೇಲೆ ಬೆನ್ನು ಹಾಕಿ ಹತ್ತಿಸುತ್ತದೆ. ಆ ಕೊಂಬು ನೆಟ್ಟಗೂ ಇಲ್ಲ, ನೆಟ್ಟಗಿನದಕ್ಕಿಂತ ಹತ್ತು ಡಿಗ್ರಿ ಇನ್ನೂ ಬಾಗಿದೆ. ಚಿಕ್ಕದು, ಚುರುಕಾದದ್ದು. ನನ್ನ ಪಟ್ಟಿಯಲ್ಲಿ ಮಾಕೋ, ಮಾಂಟಾ ಆದ ಮೇಲೆ ಮೂರನೇ ಜಾಗ ಇದಕ್ಕೆ, ಪೈಪ್‌ಲೈನ್‌ಗಿಂತ ಮುಂದೆ.

ಅಕ್ಕನ ಮನೆಯಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನ ಗೆರೆಗಳಿವೆ. ಕಳೆದ ವಾರ ವಿಡಿಯೋ ಕಾಲ್‌ನಲ್ಲಿ ಅಕ್ಕನ ಮಗಳು ಚೌಕಟ್ಟಿಗೆ ಒರಗಿ ನಿಂತು ತೋರಿಸಿದಳು.

"ಮಾವ, ಫಾರ್ಟಿ ಎಯ್ಟ್ ಆಯ್ತು. ಐಸ್ ಬ್ರೇಕರ್ ಹತ್ತಿಸ್ತೀಯಾ?"

"ಅದು ಹಿಂದಕ್ಕೆ ಹೋಗ್ತದೆ, ಗೊತ್ತಲ್ಲ?"

ಹಿಂದಿನಿಂದ ಅಕ್ಕನ ದನಿ: "ಶೂ ಬಿಚ್ಚಿ ನಿಲ್ಲೇ ಮೊದಲು."