ಫೆಡರರ್ 32ರಲ್ಲಿ ಬದಲಿಸಿದ ರಾಕೆಟ್: ವಿಲ್ಸನ್ ಆರ್‌ಎಫ್97

ಬೆಂಗಳೂರಿನಲ್ಲಿ ಸಂಜೆ ಹೊತ್ತು ನಾನು ಟೆನಿಸ್ ರಾಕೆಟ್‌ಗಳಿಗೆ ಗಟ್ಟಿಂಗ್ ಮಾಡುತ್ತೇನೆ, ಅಂದರೆ ಗಟ್ (ತಂತಿ) ಕಟ್ಟುತ್ತೇನೆ. ಕ್ಲಬ್ಬಿನಲ್ಲಿ ಆಡುವ ಹಿರಿಯರು, ಟೂರ್ನಮೆಂಟ್ ಆಡುವ ಹುಡುಗರು, ಎಲ್ಲರ ರಾಕೆಟ್ಟೂ ನನ್ನ ಮೆಷಿನ್ ಮೇಲೆ ಬರುತ್ತದೆ. ಜನ ತುಂಬಾ ಆಸೆಪಟ್ಟು ಕೊಂಡು, ತುಂಬಾ ಬೇಗ ಮಾರಿಬಿಡುವ ರಾಕೆಟ್ ಯಾವುದು ಅಂತ ಕೇಳಿದರೆ ನನ್ನ ಉತ್ತರ ವಿಲ್ಸನ್ ಪ್ರೊ ಸ್ಟಾಫ್ ಆರ್‌ಎಫ್97 ಆಟೋಗ್ರಾಫ್. ರೋಜರ್ ಫೆಡರರ್ ಹೆಸರಿನ ರಾಕೆಟ್. ನಾನೂ ಇದರಲ್ಲೇ ಆಡುತ್ತೇನೆ, ಒಂದೇ ಕೈಯ ಬ್ಯಾಕ್‌ಹ್ಯಾಂಡ್ ನನ್ನದು. ಹಳೆಯದು ಸಿಕ್ಕಿದೆ, ತಗೊಳ್ಳಲಾ ಅಂತ ಕೇಳುವವರು ಈಗಲೂ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ತೂಕ. ಗಟ್ ಇಲ್ಲದ ಬರೀ ಫ್ರೇಮ್ 340 ಗ್ರಾಂ. ಗಟ್ ಹಾಕಿ, ಮೇಲೊಂದು ಓವರ್‌ಗ್ರಿಪ್ ಸುತ್ತಿದರೆ 360 ದಾಟುತ್ತದೆ. ಕ್ಲಬ್ಬುಗಳಲ್ಲಿ ಹೆಚ್ಚಿನವರ ಕೈಯಲ್ಲಿರುವುದು 300 ಗ್ರಾಂ ಆಸುಪಾಸಿನ ಫ್ರೇಮ್. 40 ಗ್ರಾಂ ಏನು ಮಹಾ ಅನ್ನಿಸಬಹುದು. ಅಂಗಡಿಯಲ್ಲಿ ಸುಮ್ನೆ ಬೀಸಿ ನೋಡಿದರೆ ಗೊತ್ತೂ ಆಗುವುದಿಲ್ಲ, ಯಾಕಂದ್ರೆ ತೂಕ ಹಿಡಿಯ ಕಡೆಗಿದೆ, ತಲೆ ಹಗುರ. ಎರಡನೇ ಸೆಟ್ಟಿಗೆ ಬಂದಾಗ ಗೊತ್ತಾಗುತ್ತದೆ. ತೋಳು ಒಂದು ಕ್ಷಣ ತಡವಾಗುತ್ತದೆ, ಚೆಂಡು ಅಷ್ಟರಲ್ಲಿ ಮೈಮೇಲೆ ಬಂದಿರುತ್ತದೆ.

ಹೊತ್ತಿಗೆ ಸರಿಯಾಗಿ ಬೀಸಿದಿರೋ, ಇದರಂಥ ರಾಕೆಟ್ ಇನ್ನೊಂದಿಲ್ಲ. ಎದುರಿನವರು ಎಷ್ಟೇ ಜೋರಾಗಿ ಹೊಡೆಯಲಿ, ಫ್ರೇಮ್ ಕೈಯಲ್ಲಿ ತಿರುಗುವುದಿಲ್ಲ. ಚೆಂಡಿನ ಅಡಿ ಸವರಿ ಹೊಡೆಯುವ ಸ್ಲೈಸ್ ನೆಲಕ್ಕೆ ಅಂಟಿಕೊಂಡು ಜಾರುತ್ತದೆ. ಚೆಂಡು ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯುವ ವಾಲಿಗೆ ರಾಕೆಟ್ ಹಿಡಿದು ನಿಂತರೆ ಸಾಕು. ಹಿಡಿಗೆ ಚರ್ಮದ ಗ್ರಿಪ್ ಇರುವುದರಿಂದ ಅಂಚುಗಳು ಬೆರಳಿಗೆ ಸ್ಪಷ್ಟವಾಗಿ ಸಿಗುತ್ತವೆ; ಫೋರ್‌ಹ್ಯಾಂಡ್‌ನಿಂದ ಬ್ಯಾಕ್‌ಹ್ಯಾಂಡ್‌ಗೆ ಹಿಡಿತ ಬದಲಿಸುವಾಗ ಕಣ್ಣು ಬೇಕಾಗುವುದಿಲ್ಲ.

ಈ ರಾಕೆಟ್ ಹುಟ್ಟಿದ ಕಥೆ ತಿಳಿಯದೆ ಇದನ್ನು ಕೊಳ್ಳಬಾರದು ಅಂತ ನನಗನ್ನಿಸುತ್ತದೆ. ಮೊದಲ 17 ಗ್ರ್ಯಾಂಡ್ ಸ್ಲಾಮ್‌ಗಳನ್ನು ಫೆಡರರ್ ಗೆದ್ದದ್ದು 90 ಚದರ ಇಂಚಿನ ಪುಟ್ಟ ತಲೆಯ ರಾಕೆಟ್‌ನಲ್ಲಿ. ಎದುರಿಗೆ ರಫೆಲ್ ನಡಾಲ್, ಕೈಯಲ್ಲಿ ಬಬೊಲಾ ಕಂಪನಿಯ 100 ಇಂಚಿನ ರಾಕೆಟ್. ನಡಾಲ್ ಎಡಗೈಯ ಟಾಪ್‌ಸ್ಪಿನ್ ಫೋರ್‌ಹ್ಯಾಂಡ್ ನೆಲಕ್ಕೆ ಬಿದ್ದು ಎದ್ದರೆ ನೇರ ಫೆಡರರ್‌ನ ಬ್ಯಾಕ್‌ಹ್ಯಾಂಡ್ ಕಡೆಗೆ, ಅದೂ ಭುಜದ ಎತ್ತರಕ್ಕೆ. ಒಂದೇ ಕೈಯಲ್ಲಿ ಅಷ್ಟು ಎತ್ತರದ ಚೆಂಡನ್ನು ಹೊಡೆಯುವುದು ಎಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು. ತಲೆ ಚಿಕ್ಕದಾದಷ್ಟೂ ಚೆಂಡು ನಡುವಿಗೆ ಸಿಗುವುದು ಕಡಿಮೆ, ಫ್ರೇಮಿಗೆ ತಾಗುವುದು ಜಾಸ್ತಿ. ನಡಾಲ್ ವರ್ಷಗಟ್ಟಲೆ ಆ ಒಂದೇ ಜಾಗಕ್ಕೆ ಹೊಡೆದ. 2008ರ ಫ್ರೆಂಚ್ ಓಪನ್ ಫೈನಲ್ ನಡಾಲ್ ಗೆದ್ದದ್ದು 6-1, 6-3, 6-0. ಅದೇ ವರ್ಷ ವಿಂಬಲ್ಡನ್ ಫೈನಲ್ ಕೂಡ ಅವನದೇ, ಐದನೇ ಸೆಟ್ 9-7. 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ಕೂಡ ನಡಾಲ್‌ಗೆ ಸೋತು, ಮೆಲ್ಬರ್ನ್‌ನ ವೇದಿಕೆಯಲ್ಲಿ ಫೆಡರರ್‌ಗೆ ಅಳು ತಡೆಯಲಾಗದೆ ಮಾತೇ ನಿಂತುಹೋಯಿತು.

ರಾಕೆಟ್ ಬದಲಿಸಲು ನಡಾಲ್ ಒಬ್ಬನೇ ಕಾರಣ ಅಂತ ನಾನು ಹೇಳುವುದಿಲ್ಲ. 2013ರಲ್ಲಿ ಫೆಡರರ್‌ಗೆ ಬೆನ್ನುನೋವಿತ್ತು. ವಿಂಬಲ್ಡನ್ ಎರಡನೇ ಸುತ್ತಿನಲ್ಲೇ 116ನೇ ರ‍್ಯಾಂಕಿನ ಸ್ತಾಖೋವ್ಸ್ಕಿಗೆ ಸೋತಿದ್ದ. ಆ ಬೇಸಿಗೆಯಲ್ಲಿ ಹ್ಯಾಂಬರ್ಗ್ ಮತ್ತು ಗ್ಸ್ಟಾಡ್ ಟೂರ್ನಮೆಂಟ್‌ಗಳಲ್ಲಿ ದೊಡ್ಡ ತಲೆಯ ಒಂದು ಮಾದರಿ ಹಿಡಿದು ಆಡಿದ, ಎರಡೂ ಕಡೆ ಸೋತ, ಮತ್ತೆ 90ಕ್ಕೇ ಮರಳಿದ. ಎಲ್ಲ ಗೆದ್ದಾಗಿರುವ ಮನುಷ್ಯ ಅಲ್ಲಿಗೇ ಕೈಬಿಡಬಹುದಿತ್ತು, ಅಲ್ವಾ? 2014ರ ಶುರುವಿಗೆ 97 ಇಂಚಿನ ಫ್ರೇಮ್ ಹಿಡಿದು ಬಂದ.

ಕೊಳ್ಳುವವರು ಗಮನಿಸಬೇಕಾದ ಭಾಗ ಇದು. ಹೊಸ ರಾಕೆಟ್ ಬಂದ ತಕ್ಷಣ ಏನೂ ಬದಲಾಗಲಿಲ್ಲ. ಅದೇ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ನಡಾಲ್ ಮೂರೇ ಸೆಟ್‌ನಲ್ಲಿ ಸೋಲಿಸಿದ. 2014, 2015ರ ವಿಂಬಲ್ಡನ್ ಫೈನಲ್, 2015ರ ಯುಎಸ್ ಓಪನ್ ಫೈನಲ್, ಮೂರರಲ್ಲೂ ಜೊಕೊವಿಚ್ ಎದುರು ಸೋಲು. 2016ರಲ್ಲಿ ಮೊಣಕಾಲಿಗೆ ಶಸ್ತ್ರಚಿಕಿತ್ಸೆ, ಆ ವರ್ಷ ವಿಂಬಲ್ಡನ್ ಆದಮೇಲೆ ಆರು ತಿಂಗಳು ಆಟವೇ ಇಲ್ಲ. ಗ್ರ್ಯಾಂಡ್ ಸ್ಲಾಮ್‌ನಲ್ಲಿ ನಡಾಲ್‌ನನ್ನು ಅಲ್ಲಿಯವರೆಗೆ ಕೊನೆಯ ಸಲ ಸೋಲಿಸಿದ್ದು 2007ರಲ್ಲಿ.

2017ರ ಜನವರಿ 29, ಮೆಲ್ಬರ್ನ್ ಫೈನಲ್. ಫೆಡರರ್‌ಗೆ 35 ವರ್ಷ, 17ನೇ ಶ್ರೇಯಾಂಕ. ನಡಾಲ್ ಕೂಡ ಗಾಯದಿಂದ ಎದ್ದು ಬಂದವನೇ. ಐದನೇ ಸೆಟ್‌ನಲ್ಲಿ ಫೆಡರರ್ 1-3 ಹಿಂದೆ. ಅಲ್ಲಿಂದ ಸತತ ಐದು ಗೇಮ್. ಆ ಬ್ಯಾಕ್‌ಹ್ಯಾಂಡ್ ನೋಡಿ ದಯವಿಟ್ಟು. ಚೆಂಡು ಭುಜಕ್ಕೆ ಏರುವ ಮುಂಚೆಯೇ, ಬೇಸ್‌ಲೈನ್ ಬಿಡದೆ, ಏಳುತ್ತಿರುವಾಗಲೇ ಚಪ್ಪಟೆಯಾಗಿ ಬಾರಿಸುತ್ತಾನೆ. ಹಿಂದಿನ ಸ್ಲೈಸ್ ಅರ್ಧಕ್ಕರ್ಧ ಮಾಯ. 4-3ರಲ್ಲಿ 26 ಹೊಡೆತಗಳ ಒಂದು ರ‍್ಯಾಲಿ ಇದೆ, ಕೊನೆಗೆ ಫೋರ್‌ಹ್ಯಾಂಡ್ ವಿನ್ನರ್. ನನ್ನ ಹತ್ತಿರ ಬರುವ ಹುಡುಗರಿಗೆಲ್ಲ ಅದನ್ನು ತೋರಿಸುತ್ತೇನೆ. ಆ ವರ್ಷ ಇಂಡಿಯನ್ ವೆಲ್ಸ್, ಮಯಾಮಿ, ಶಾಂಘೈ, ಮೂರೂ ಕಡೆ ನಡಾಲ್ ಎದುರು ಒಂದು ಸೆಟ್ಟನ್ನೂ ಬಿಡದೆ ಗೆದ್ದ. ಒಟ್ಟು ಲೆಕ್ಕದಲ್ಲಿ 24-16ರಿಂದ ನಡಾಲ್ ಮುಂದಿದ್ದಾನೆ, ಅದು ನಿಜ. ಆದರೆ ಅಷ್ಟು ಸಲ ಸೋಲಿಸಿದ ಎದುರಾಳಿ ಇರದಿದ್ದರೆ ಆ ಬ್ಯಾಕ್‌ಹ್ಯಾಂಡ್ ಹುಟ್ಟುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ಈಗ ಗಟ್ಟಿಂಗ್ ವಿಚಾರ, ಇದು ನನ್ನ ಕೆಲಸ. ಉದ್ದಕ್ಕೆ 16 ಎಳೆ, ಅವು ಮೇನ್ಸ್; ಅಡ್ಡಕ್ಕೆ 19, ಅವು ಕ್ರಾಸ್. ಫೆಡರರ್ ಹಾಕಿಸುತ್ತಿದ್ದದ್ದು ಮೇನ್ಸ್‌ಗೆ ನ್ಯಾಚುರಲ್ ಗಟ್, ಅಂದರೆ ಹಸುವಿನ ಕರುಳಿನದು. ಕ್ರಾಸ್‌ಗೆ ಲಕ್ಸಿಲಾನ್ ಅಲು ಪವರ್ ರಫ್, ಅದು ಪಾಲಿಯೆಸ್ಟರ್, ನಾವು ಪಾಲಿ ಅನ್ನುತ್ತೇವೆ. ಈ ಬಿಗಿ ಫ್ರೇಮಿಗೆ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ, ಮೊಣಕೈಗೆ ಬಹಳ ಆರಾಮ. ಕ್ರಾಸ್ ಎಳೆಯುವಾಗ ಮಾತ್ರ ಅವಸರ ಮಾಡಬಾರದು. ಪಾಲಿಯನ್ನು ಸರ‍್ರನೆ ಎಳೆದರೆ ಅದು ಗಟ್ಟನ್ನು ಉಜ್ಜಿ ಎಳೆ ಎಬ್ಬಿಸುತ್ತದೆ. ನಾನು ಒಂದೊಂದು ಕ್ರಾಸನ್ನೂ ಬಿಲ್ಲಿನಂತೆ ಬಾಗಿಸಿ, ಒಂದೇ ಜಾಗದಲ್ಲಿ ಉಜ್ಜದ ಹಾಗೆ ನಿಧಾನಕ್ಕೆ ಎಳೆಯುತ್ತೇನೆ. ಬಿಗಿತ ನ್ಯಾಚುರಲ್ ಗಟ್‌ಗೆ 52 ಪೌಂಡ್, ಪಾಲಿಗೆ 49. ಮಳೆಗಾಲದಲ್ಲಿ ನ್ಯಾಚುರಲ್ ಗಟ್ ಹಾಕಿಸಬೇಡಿ, ನೀರು ತಾಗಿದರೆ ದುಡ್ಡು ಹೋದಂತೆ. ಅದು ದುಬಾರಿ ಅನ್ನುವವರು ಸಣ್ಣ ಸಣ್ಣ ನೂಲು ಸೇರಿಸಿ ಮಾಡಿದ ಮೆತ್ತನೆಯ ಮಲ್ಟಿಫಿಲಮೆಂಟ್ ಹಾಕಿಸಿ. ಪೂರ್ತಿ ಪಾಲಿ ಹಾಕಿ ಅಂತ ಕೇಳಿದವರಿಗೆ ಈ ಫ್ರೇಮ್‌ನಲ್ಲಿ ನಾನು ಬೇಡ ಅನ್ನುತ್ತೇನೆ.

ಯಾರಿಗೆ ಇದು? ಚೆಂಡನ್ನು ಬೇಗ ತೆಗೆದುಕೊಳ್ಳುವವರಿಗೆ, ಪೂರ್ತಿ ಬೀಸುವವರಿಗೆ, ಭುಜಕ್ಕೂ ಕಾಲಿಗೂ ವ್ಯಾಯಾಮ ಮಾಡುವವರಿಗೆ. ಹದಿನೈದರೊಳಗಿನ ಮಕ್ಕಳಿಗೆ ಕೊಡಿಸಬೇಡಿ, ಅಪ್ಪಂದಿರು ಹಟ ಹಿಡಿದರೂ ಬೇಡ. ಮೊಣಕೈ ನೋವಿರುವವರೂ ದೂರವಿರಿ. ಫೆಡರರ್ ಹೆಸರೇ ಬೇಕು ಅಂದರೆ 2024ರಲ್ಲಿ ಬಂದ ಆರ್‌ಎಫ್ 01 ಇದೆ: 98 ಇಂಚು, 300 ಗ್ರಾಂ. ಹೆಚ್ಚಿನವರಿಗೆ ಅದೇ ಸರಿ. ಆರ್‌ಎಫ್97ನ್ನೇ ತಗೊಳ್ಳುವುದಾದರೆ ಒಂದು ವಾರಕ್ಕೆ ತೀರ್ಪು ಕೊಡಬೇಡಿ, ಒಂದು ಸೀಸನ್ ಆಡಿ. ಹಳೆಯದು ಕೊಳ್ಳುವಾಗ ಗಟ್ ಬಿಚ್ಚಿಸಿ ನೋಡಿ. ತಲೆಯ ಮೇಲಿನ ಬಂಪರ್ (ಪ್ಲಾಸ್ಟಿಕ್ ಪಟ್ಟಿ) ಸವೆದು ಫ್ರೇಮ್ ಕಾಣುತ್ತಿದ್ದರೆ, ತಂತಿ ಹಾದುಹೋಗುವ ಗ್ರೊಮೆಟ್ ಸೀಳಿದ್ದರೆ ಬೆಲೆ ಇಳಿಸಿ ಕೇಳಿ. ಬಣ್ಣದ ಗೀರು ಪರವಾಗಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.