169.254 ಅಂತ ಬಂದರೆ ಸಿಪಿಯು ಹೊತ್ತುಕೊಂಡು ಅಂಗಡಿಗೆ ಓಡಬೇಡಿ

ತುಮಕೂರಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆ ಕಂಪ್ಯೂಟರಿಗೆ ನೆಟ್ ಬರದೇ, ಅದರ ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿಗೆ ಇರುವ ನಂಬರ್) 169.254 ಅಂತ ಶುರುವಾಗುತ್ತಿದ್ದು, ಯಾರಾದರೂ "ಲ್ಯಾನ್ ಸುಟ್ಟಿದೆ" ಅಂದರೆ, ಅಂದರೆ ನೆಟ್ ವೈರು ಚುಚ್ಚುವ ಭಾಗ ಹೋಗಿದೆ ಅಂದರೆ, ಒಂದು ನಿಮಿಷ ತಡೆಯಿರಿ. ನನ್ನ ಹತ್ತಿರ 3,150 ರೂಪಾಯಿ ಕಿತ್ತುಕೊಂಡರು. ದುಡ್ಡು ಹಾಳಾಗಲಿ, ಹೆಂಡತಿ ಮಾಡಿಟ್ಟ ಕೆಲಸ ಹೋಯಿತು. ಅದಕ್ಕೇ ಹೊಟ್ಟೆ ಉರಿಯುತ್ತಿದೆ.

ನಮ್ಮ ಮನೆಯಲ್ಲಿರುವುದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಹೆಂಡತಿ ಅದರಲ್ಲಿ ಡಿಟಿಪಿ ಮಾಡುತ್ತಾಳೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಕೈಲಾಸ ಸಮಾರಾಧನೆ ಪತ್ರ, ಇಂಥವು. ಈಚೆಗೆ ಇಂಟರ್ನೆಟ್ ಕಂಪನಿ ಹುಡುಗ ಬಂದು ಹಳೇ ಡಬ್ಬಿ ತೆಗೆದು ಹೊಸ ಫೈಬರ್ ಮೋಡೆಮ್ ಹಾಕಿ ಹೋದ. ಅವತ್ತಿನಿಂದ ಫೋನಿಗೆ ವೈಫೈ ಬರುತ್ತದೆ, ಟಿವಿಗೆ ಬರುತ್ತದೆ, ಡೆಸ್ಕ್‌ಟಾಪಿಗೆ ಮಾತ್ರ ಇಲ್ಲ. 'ಅನ್‌ಐಡೆಂಟಿಫೈಡ್ ನೆಟ್‌ವರ್ಕ್' ಅಂತ ತೋರಿಸುತ್ತದೆ. ಟ್ರಬಲ್‌ಶೂಟ್ ಒತ್ತಿದರೆ ವ್ಯಾಲಿಡ್ ಐಪಿ ಕಾನ್ಫಿಗರೇಶನ್ ಇಲ್ಲ ಅನ್ನುತ್ತದೆ. ಆಫ್ ಮಾಡಿ ಆನ್ ಮಾಡಿದ್ದಾಯಿತು. ವೈರು ಕಿತ್ತು ಹಾಕಿದ್ದಾಯಿತು. ಕಂಪನಿಗೆ ಫೋನ್ ಮಾಡಿದರೆ "ನಮ್ ಕಡೆ ಎಲ್ಲಾ ಗ್ರೀನ್ ಇದೆ ಸರ್, ನಿಮ್ ಪಿಸಿ ಪ್ರಾಬ್ಲಂ" ಅಂದರು. ಅವರ ಮಾತು ಯಾವಾಗಲೂ ಅದೇ ಅಲ್ವಾ.

ಸರಿ ಅಂತ ಬಿ.ಎಚ್. ರಸ್ತೆ ಕಡೆಯ ಒಂದು ಸರ್ವಿಸ್ ಅಂಗಡಿಗೆ ಸಿಪಿಯು ತಗೊಂಡು ಹೋದೆ. ಹೆಸರು ಹಾಕುತ್ತಿಲ್ಲ. ಹೋಗುವ ಮೊದಲು ಐಪಿಕಾನ್ಫಿಗ್ (ಕಂಪ್ಯೂಟರಿನ ಐಪಿ ಅಡ್ರೆಸ್ ತೋರಿಸುವ ಕಮಾಂಡ್) ಕೊಟ್ಟಾಗ ಬಂದ ಸ್ಕ್ರೀನಿನ ಫೋಟೋ ತೆಗೆದುಕೊಂಡಿದ್ದೆ. ಅದನ್ನೂ ತೋರಿಸಿದೆ. 169.254 ಇಂದ ಶುರುವಾಗುವ ನಂಬರ್ ಅದರಲ್ಲಿ ಸ್ಪಷ್ಟವಾಗಿ ಇತ್ತು. ಡಬ್ಬಿ ಬದಲಾಯಿಸಿದ ದಿನದಿಂದಲೇ ಹೀಗೆ ಅಂತಲೂ ಹೇಳಿದೆ. ಮತ್ತೆ ಹೇಳುತ್ತೇನೆ, ಡಬ್ಬಿ ಬದಲಾದ ವಿಷಯ ಅವನಿಗೆ ಹೇಳಿದೆ.

ಫೋಟೋ ನೋಡಿದ. ಹಿಂದುಗಡೆ ಲ್ಯಾನ್ ಪೋರ್ಟಿಗೆ ಟಾರ್ಚ್ ಬಿಟ್ಟ.

"ಸಿಡಿಲು ಹೊಡೆದಿದೆ ಸರ್. ಲ್ಯಾನ್ ಹೋಗಿದೆ. ಹಿಂಗೇ ಬಿಟ್ರೆ ಮದರ್‌ಬೋರ್ಡೇ ಹೋಗ್ತದೆ."

"ಬರೀ ಲ್ಯಾನಿಗೆ ಹೊಡೀತಾ? ಬೇರೆಲ್ಲಾ ಚೆನ್ನಾಗಿದೆಯಲ್ಲಪ್ಪಾ" ಅಂದೆ.

"ನೆಟ್ ವೈರಲ್ಲಿ ಬರೋದೇ ಹಂಗೆ ಸರ್. ಈ ಸೀಸನ್ನಲ್ಲಿ ದಿನಾ ನಾಕು ಬರ್ತವೆ."

ಮಳೆ ಗುಡುಗು ಇದ್ದ ವಾರ ಅದು. ಸಿಡಿಲಿಗೆ ಲ್ಯಾನ್ ಪೋರ್ಟ್ ಹೋಗುವುದು ಸುಳ್ಳೂ ಅಲ್ಲ. ಹಾಗಾಗಿ ಮಾತು ನಂಬುವ ಹಾಗಿತ್ತು. ಬೇರೆ ಕಾರ್ಡ್ ಹಾಕಿಕೊಡಿ ಅಂತ ಬಿಟ್ಟು ಬಂದೆ. ಸಂಜೆ ಫೋನ್ ಬಂತು. ಲ್ಯಾನ್ ಕಾರ್ಡ್ 1,850, ವಿಂಡೋಸ್ ಲೋಡ್ 800, ಸರ್ವಿಸ್ 500. ವಿಂಡೋಸ್ ಯಾಕೆ ಹಾಕಿದ್ರಿ, ನಾನು ಹೇಳೇ ಇಲ್ಲವಲ್ಲ ಅಂದರೆ "ಡ್ರೈವರ್ ಕೂತ್ಕೊಳ್ಳಲಿಲ್ಲ ಸರ್, ಫ್ರೆಶ್ ಮಾಡಿದ್ವಿ. ಡಿ ಡ್ರೈವ್ ಹಂಗೇ ಇದೆ." ಡಿ ಡ್ರೈವ್ ಇದೆ, ಸರಿ. ಡೆಸ್ಕ್‌ಟಾಪ್ ಮೇಲೆ ಇದ್ದದ್ದು? ಸಿ ಡ್ರೈವಿನ ಜೊತೆ ಹೋಯಿತು. ಪ್ರೂಫ್ ಓಕೆ ಆಗಿದ್ದ ಪತ್ರಿಕೆಗಳು, ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್, ಫಾಂಟುಗಳು, ಎಲ್ಲಾ. ಒಂದು ಮಾತು ಕೇಳಬಾರದಾ? ಫಾರ್ಮ್ಯಾಟ್ ಮಾಡುವ ಮುಂಚೆ ಒಂದು ಫೋನ್?

ಅಂಗಡಿಯಲ್ಲಿ ಆನ್ ಮಾಡಿ ತೋರಿಸಿದ. ನೆಟ್ ಓಡುತ್ತಿತ್ತು. ದುಡ್ಡು ಕೊಟ್ಟೆ. ಬಿಲ್ ಕೇಳಿದರೆ ಸಣ್ಣ ಚೀಟಿಯಲ್ಲಿ ಮೊತ್ತ ಗೀಚಿ ಕೊಟ್ಟ. ಮನೆಗೆ ತಂದು ಹಾಕಿದೆ. ಮತ್ತೆ ಅದೇ ಕಥೆ, ನೆಟ್ ಇಲ್ಲ.

ಫೋನ್ ಮಾಡಿದೆ. "ನಮ್ ಹತ್ರ ಓಡ್ತಲ್ಲ ಸರ್, ನೀವೇ ನೋಡಿದ್ರಲ್ಲ. ನಿಮ್ ಲೈನ್ ಪ್ರಾಬ್ಲಂ." ಕಂಪನಿಯವರು ಪಿಸಿ ಪ್ರಾಬ್ಲಂ ಅಂತಾರೆ, ಇವನು ಲೈನ್ ಪ್ರಾಬ್ಲಂ ಅಂತಾನೆ. ಮಧ್ಯದಲ್ಲಿ ನಾನು. ಹೆಂಡತಿ ಏನೂ ಮಾತಾಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಕೊನೆಗೆ ನಮ್ಮ ಮಹಡಿ ಮೇಲೆ ಬಾಡಿಗೆಗೆ ಇರುವ ಎಂಜಿನಿಯರಿಂಗ್ ಹುಡುಗನನ್ನು ಕರೆದೆ. ಅವನು ಮೊದಲು ನನ್ನ ಹಳೇ ಫೋಟೋ ನೋಡಿದ. "ಅಂಕಲ್, ಇದು ನೋಡಿದ ಮೇಲೂ ಪೋರ್ಟ್ ಸುಟ್ಟಿದೆ ಅಂದ್ರಾ?" ಅಂತ ನಕ್ಕ. ಆಮೇಲೆ ವಿವರಿಸಿದ. ಕಂಪ್ಯೂಟರ್ ಆನ್ ಆದ ಕೂಡಲೇ 'ನನಗೊಂದು ಅಡ್ರೆಸ್ ಕೊಡಿ' ಅಂತ ವೈರಿನಲ್ಲಿ ಕೂಗುತ್ತದಂತೆ. ರೂಟರ್, ಅಂದರೆ ನಮ್ಮ ಮೋಡೆಮ್ ಡಬ್ಬಿ, ಅದಕ್ಕೆ ಉತ್ತರವಾಗಿ ಐಪಿ ಅಡ್ರೆಸ್, ಗೇಟ್‌ವೇ (ಹೊರಗಿನ ನೆಟ್ಟಿಗೆ ಹೋಗುವ ಬಾಗಿಲಿನ ಅಡ್ರೆಸ್), ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ನಂಬರ್ ಹುಡುಕಿಕೊಡುವುದು) ಎಲ್ಲಾ ತಾನೇ ಕೊಡುತ್ತದೆ. ಇದಕ್ಕೆ ಡಿಎಚ್‌ಸಿಪಿ ಅಂತಾರೆ. ಯಾರೂ ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ 169.254 ಸಾಲಿನ ಒಂದು ನಂಬರ್ ಹಾಕಿಕೊಳ್ಳುತ್ತದೆ. ಪೋರ್ಟ್ ಪೂರ್ತಿ ಸತ್ತಿದ್ದರೆ ಆ ನಂಬರ್ ಬರುವುದೇ ಇಲ್ಲ. 'ಮೀಡಿಯಾ ಡಿಸ್ಕನೆಕ್ಟೆಡ್' (ವೈರು ಸಂಪರ್ಕ ಇಲ್ಲ) ಅಂತ ಬರುತ್ತದೆ, ಇಲ್ಲವೇ ಅಡಾಪ್ಟರೇ (ಲ್ಯಾನ್ ಕಾರ್ಡೇ) ಕಾಣುವುದಿಲ್ಲ. ಅಂದರೆ ಮೊದಲು ಅನುಮಾನ ಪಡಬೇಕಾದದ್ದು ರೂಟರ್ ಕಡೆಯನ್ನು. ಇದು ನೆಟ್‌ವರ್ಕ್ ಕಲಿಯುವವರಿಗೆ ಶುರುವಿನಲ್ಲೇ ಹೇಳಿಕೊಡುವ ವಿಷಯವಂತೆ. ಬೋರ್ಡು ಹಾಕಿಕೊಂಡು ಕೂತ ಅಂಗಡಿಯವನಿಗೆ ಗೊತ್ತಿರಲಿಲ್ಲವಾ? ಗೊತ್ತಿಲ್ಲದೆ ಇರುತ್ತದಾ?

ಹುಡುಗ ಮೋಡೆಮ್ ತಿರುಗಿಸಿ ನೋಡಿದ. ಹಿಂದೆ ನಾಲ್ಕು ಲ್ಯಾನ್ ಪೋರ್ಟ್. ನಮ್ಮ ವೈರನ್ನು ಕಂಪನಿ ಹುಡುಗ ಕೊನೆಯದಕ್ಕೆ ಚುಚ್ಚಿ ಹೋಗಿದ್ದ. ಕೆಲವು ಡಬ್ಬಿಗಳಲ್ಲಿ ಒಂದು ಪೋರ್ಟನ್ನು ಟಿವಿ ಬಾಕ್ಸಿಗೆ ಅಂತ ಬೇರೆ ಮಾಡಿಟ್ಟಿರುತ್ತಾರಂತೆ. ಲೈಟ್ ಮಿನುಗುತ್ತದೆ, ಅಡ್ರೆಸ್ ಮಾತ್ರ ಸಿಗಲ್ಲ. ವೈರು ತೆಗೆದು ಒಂದನೇ ಪೋರ್ಟಿಗೆ ಹಾಕಿದ.

ಆದರೂ ನೆಟ್ ಬರಲಿಲ್ಲ!

ಆಗ ಹೊಸ ಕಾರ್ಡಿನ ಸೆಟ್ಟಿಂಗ್ ತೆಗೆದು ನೋಡಿದರೆ 'ಅಬ್ಟೇನ್ ಆನ್ ಐಪಿ ಅಡ್ರೆಸ್ ಆಟೋಮ್ಯಾಟಿಕಲಿ' (ಅಡ್ರೆಸ್ ತಾನಾಗಿ ಪಡೆದುಕೋ) ಅನ್ನುವ ಕಡೆ ಚುಕ್ಕಿ ಇಲ್ಲ. ಕೈಯಾರೆ 192.168.0.55 ಅಂತ ಹಾಕಿದ್ದಾರೆ, ಗೇಟ್‌ವೇ 192.168.0.1. ಅದು ಅಂಗಡಿಯ ನೆಟ್ಟಿನ ಅಡ್ರೆಸ್. ನಮ್ಮ ಡಬ್ಬಿಯದು 192.168.1.1. ಅಲ್ಲಿ ಓಡುತ್ತೆ, ಇಲ್ಲಿ ಯಾವ ಜನ್ಮಕ್ಕೂ ಓಡಲ್ಲ. "ನಮ್ ಹತ್ರ ಓಡ್ತಲ್ಲ ಸರ್!"

ನಿಜವಾಗಿ ಮೈ ಉರಿದದ್ದು ಆಮೇಲೆ. ಹುಡುಗ ಸುಮ್ನೆ ನೋಡೋಣ ಅಂತ ಹೊಸ ಕಾರ್ಡಿನಿಂದ ವೈರು ಕಿತ್ತು ಹಳೇ ಪೋರ್ಟಿಗೆ ಹಾಕಿದ. ಅದೇ, ಸಿಡಿಲು ಹೊಡೆದ ಪೋರ್ಟಿಗೆ. ತಕ್ಷಣ 192.168.1.7 ಅಂತ ಅಡ್ರೆಸ್ ಬಂತು. ನೆಟ್ ಬಂತು. ಇದನ್ನು ಟೈಪ್ ಮಾಡುತ್ತಿರುವುದೂ ಆ ಸುಟ್ಟ ಪೋರ್ಟಿನಿಂದಲೇ. ಮಾವ ಪಕ್ಕದಲ್ಲೇ ಕೂತು ಎಲ್ಲಾ ನೋಡುತ್ತಿದ್ದರು. "ಹಂಗಾದ್ರೆ ಆ ಮೂರು ಸಾವಿರ ಏತಕ್ಕೆ ಕೊಟ್ರಿ?" ಅಂತ ಕೇಳಿದರು. ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಅಂಗಡಿಗೆ ಹೋಗಿ ಕೇಳಿದೆ. ಉತ್ತರಗಳು ಹೀಗಿದ್ದವು.

ಹಳೇ ಪೋರ್ಟ್ ಓಡ್ತಿದೆ ಅಂದರೆ: "ಕೆಲವು ಸಲ ತಾನೇ ಸರಿ ಹೋಗ್ತದೆ ಸರ್."

ಐಪಿ ಯಾಕೆ ಕೈಯಲ್ಲಿ ಹಾಕಿದ್ರಿ ಅಂದರೆ: "ಟೆಸ್ಟಿಂಗಿಗೆ ಹಾಕಿದ್ದು, ತೆಗೆಯೋದು ಹುಡುಗ್ರು ಮರೆತಿರ್ತಾರೆ."

ಕಾರ್ಡ್ ವಾಪಸ್ ತಗೊಳ್ಳಿ ಅಂದರೆ: "ಫಿಟ್ ಮಾಡಿದ ಐಟಂ ರಿಟರ್ನ್ ಇಲ್ಲ. ಬೇಕಾದ್ರೆ ಇನ್ನೊಂದ್ ಸಲ ಬಂದಾಗ ಮುನ್ನೂರು ಕಮ್ಮಿ ಮಾಡ್ಕೊಡ್ತೀನಿ."

ಇನ್ನೊಂದು ಸಲ! ನಾನು ಇನ್ನೊಂದು ಸಲ ಅಲ್ಲಿಗೆ ಹೋಗುತ್ತೇನಂತೆ!

ನಿಮಗೆ ಹೇಳುವುದು ಇಷ್ಟೆ. ಸಿಎಂಡಿ (ವಿಂಡೋಸಿನ ಕಮಾಂಡ್ ಪ್ರಾಂಪ್ಟ್) ತೆರೆದು ಐಪಿಕಾನ್ಫಿಗ್ (ipconfig) ಅಂತ ಹೊಡೆಯಿರಿ. 169.254 ಬಂದರೆ ವೈರನ್ನು ರೂಟರಿನ ಬೇರೆ ಲ್ಯಾನ್ ಪೋರ್ಟಿಗೆ ಹಾಕಿ, ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅದೇ ವೈರಿಗೆ ಯಾರದಾದರೂ ಲ್ಯಾಪ್‌ಟಾಪ್ ಚುಚ್ಚಿ ನೋಡಿ. ಅದಕ್ಕೂ ಬರದಿದ್ದರೆ ನಿಮ್ಮ ಕಂಪ್ಯೂಟರಿನ ತಪ್ಪಲ್ಲ. ಅಡಾಪ್ಟರ್ ಸೆಟ್ಟಿಂಗಿನಲ್ಲಿ ಐಪಿ ವರ್ಷನ್ 4 ತೆಗೆದು ಆಟೋಮ್ಯಾಟಿಕ್ ಇದೆಯಾ ನೋಡಿ. ಆಮೇಲೆ ಹಳೇ ಅಡ್ರೆಸ್ ಬಿಡಿಸಲು ಐಪಿಕಾನ್ಫಿಗ್ /ರಿಲೀಸ್ (ipconfig /release), ಹೊಸದು ಕೇಳಲು ಐಪಿಕಾನ್ಫಿಗ್ /ರಿನ್ಯೂ (ipconfig /renew). ಸರ್ವಿಸಸ್ ಪಟ್ಟಿಯಲ್ಲಿ ಡಿಎಚ್‌ಸಿಪಿ ಕ್ಲೈಂಟ್ ನಿಂತಿದ್ದರೂ ಅಡ್ರೆಸ್ ಸಿಗಲ್ಲ, ಅದನ್ನೂ ನೋಡಿ. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ. ಅಂಗಡಿಗೆ ಕೊಡಲೇಬೇಕಾಗಿ ಬಂದರೆ 'ಕೇಳದೆ ಫಾರ್ಮ್ಯಾಟ್ ಮಾಡಬಾರದು' ಅಂತ ಬರೆಸಿಕೊಳ್ಳಿ. ಜಿಎಸ್‌ಟಿ ಬಿಲ್ ಇಲ್ಲದೆ ದುಡ್ಡು ಬಿಚ್ಚಬೇಡಿ. ಆ ಚೀಟಿಯಲ್ಲಿ ಅಂಗಡಿ ಹೆಸರೂ ಇಲ್ಲ, ಸೀಲೂ ಇಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಪುಣ್ಯಕ್ಕೆ ಫೋನ್‌ಪೇ ಮಾಡಿದ್ದೆ, ಅದರ ರೆಕಾರ್ಡ್ ಇದೆ. ವಿಷಯ ಗೊತ್ತಾಗಿ ಅವನೇ ಫೋನ್ ಮಾಡಿದ್ದ. "ಇಷ್ಟು ಸಣ್ಣದಕ್ಕೆ ಕಂಪ್ಲೇಂಟ್ ಯಾಕೆ ಸರ್, ಕೂತು ಮಾತಾಡಣ ಬನ್ನಿ" ಅಂದ. ದುಡ್ಡು ಖಾತೆಗೆ ಹಾಕಪ್ಪಾ, ಕೂರುವುದು ಬೇಡ ಅಂದೆ. ಇನ್ನೂ ಹಾಕಿಲ್ಲ.