ಕೈಹೊಲಿಗೆಯ ಚರ್ಮದ ಬೂಟು: ಕತೆಗಳು ಹೇಳದ್ದು

ಕಾರ್ಖಾನೆ ಬಂದು ಕಸುಬು ಕೆಟ್ಟ ಸಣ್ಣಕತೆಗಳಲ್ಲಿ ಬೂಟು ಹೊಲಿಯುವವನ ಕಣ್ಣೀರು ಧಾರಾಳ, ಹೊಲಿಗೆಯ ಮಾತೇ ಅಪರೂಪ. ಬೂಟನ್ನೇ ತಿರುವಿ ನೋಡಿ. ಕೈಕೆಲಸದ್ದರಲ್ಲಿ ಸುಮಾರು 5 ಮಿ.ಮೀ. ದಪ್ಪದ ಒಳಅಟ್ಟೆಯ ಅಂಚನ್ನೇ ಕೊರೆದು ಹೊಲಿಗೆ ಹಿಡಿಯುವ ಏಣು (ಉಬ್ಬಿದ ಅಂಚು) ಎಬ್ಬಿಸಿ, ಮೇಣ ತಿಕ್ಕಿದ ದಾರದ ಎರಡೂ ತುದಿಗಳನ್ನು ಒಂದೇ ತೂತಿನಲ್ಲಿ ಎದುರುಬದುರಾಗಿ ತೂರಿಸಿ ಬಿಗಿಯುತ್ತಾರೆ. ಒಂದು ಹೊಲಿಗೆ ಸವೆದರೂ ಪಕ್ಕದ್ದು ಸುಲಭಕ್ಕೆ ಬಿಚ್ಚದು. ಗುಡ್‌ಇಯರ್ ವೆಲ್ಟ್ ಎಂಬ ಯಂತ್ರಹೊಲಿಗೆಯ ಬೂಟುಗಳಲ್ಲಿ ಆ ಏಣು ಸಾಮಾನ್ಯವಾಗಿ ಅಂಟಿಸಿದ ಬಟ್ಟೆಪಟ್ಟಿ ಅಷ್ಟೇ. ಅಂಟು ಸೋತರೆ ಪಟ್ಟಿ ಜರುಗಿ ಬೂಟಿನ ಆಕಾರವೇ ಕೆಡುತ್ತದೆ.

ಕೈಹೊಲಿಗೆಯ ಬೂಟನ್ನು ಅಟ್ಟೆ ಬದಲಿಸುತ್ತ ವರ್ಷಗಟ್ಟಲೆ ಹಾಕಬಹುದು. ಗಿರಾಕಿ ಬೇಗ ಮರಳುವುದಿಲ್ಲ, ಕತೆಯ ಕುಶಲಕರ್ಮಿ ಸೋಲುವುದೂ ಅಲ್ಲೇ! ಕುಂದೂ ಇದೆ: ಮೊದಮೊದಲು ಬಿರುಸು, ಬೆಲೆ ಜಾಸ್ತಿ. ನೆನೆದರೆ ಒಳಗೆ ಕಾಗದ ತುರುಕಿ ನೆರಳಲ್ಲೇ ಒಣಗಿಸಿ. ಬೆಂಕಿಯ ಹತ್ತಿರ ಇಟ್ಟರೆ ಚರ್ಮ ಸೀಳುತ್ತದೆ.